ಪ್ರಾಣಿಗಳ ಆವರಣದಲ್ಲಿ ಕೃತಕ ಬಂಡೆ: ಅಪಾಯವಿಲ್ಲದ ಸಾಮಗ್ರಿಯನ್ನು ಆರಿಸುವ ಬಗೆ

ಮಂಡ್ಯದ ಪರಿಚಿತರೊಬ್ಬರ ಮನೆಯಂಗಳದ ಮೀನಿನ ಕೊಳಕ್ಕೆ ನಾನೇ ಮುಂದೆ ನಿಂತು ಸಿಮೆಂಟಿನ ಬಂಡೆಯೊಂದನ್ನು ಕಟ್ಟಿಸಿದ್ದೆ. ಗಾರೆ ಗಟ್ಟಿಯಾಗಿತ್ತು, ಬಣ್ಣ ಒಣಗಿತ್ತು, ನೋಡಿದವರು ಕರಿಘಟ್ಟದಿಂದ ಕಲ್ಲು ತಂದಿರಾ ಎಂದು ಕೇಳುತ್ತಿದ್ದರು. ಒಂಬತ್ತನೆಯ ದಿನ ನೀರು ತುಂಬಿಸಿ ಮೀನು ಬಿಟ್ಟೆವು. ಮರುದಿನ ಬೆಳಗಾಗುವಷ್ಟರಲ್ಲಿ ಅವೆಲ್ಲವೂ ಸತ್ತು ತೇಲುತ್ತಿದ್ದವು. ಆ ಕೊಳಕ್ಕೆ ಯಾರೂ ವಿಷ ಹಾಕಿರಲಿಲ್ಲ. ಸಿಮೆಂಟು ಕಳಪೆಯದೂ ಆಗಿರಲಿಲ್ಲ. ಹಸಿ ಸಿಮೆಂಟಿನಿಂದ ಹೊರಬಂದ ಸುಣ್ಣದ ಅಂಶವೇ ನೀರನ್ನು ಮೀನು ಬದುಕಲಾಗದಷ್ಟು ಕ್ಷಾರವಾಗಿಸಿತ್ತು. ಅಂಗಡಿಯವರು ಚೀಲದ ಮೇಲೆ ತೋರಿಸುವ ಗುಣಮಟ್ಟದ ಮುದ್ರೆಯಿಂದ ಸಾಮಗ್ರಿಯ ಸುರಕ್ಷತೆ ತೀರ್ಮಾನವಾಗುವುದಿಲ್ಲ, ಅದನ್ನು ಎಷ್ಟು ದಿನ ಹದಗೊಳಿಸಿದೆವು, ಹೇಗೆ ಮುಗಿಸಿದೆವು, ಯಾವ ಪ್ರಾಣಿಯ ಮುಂದಿಟ್ಟೆವು ಎಂಬುದರಿಂದ ತೀರ್ಮಾನವಾಗುತ್ತದೆ ಎಂಬುದನ್ನು ನಾನು ಅಂದು ಕಲಿತೆ.

ಪಕ್ಷಿಮನೆ, ರಕ್ಷಿತ ಪ್ರಾಣಿಗಳ ಪುನರ್ವಸತಿ ಆವರಣ, ಮೀನಿನ ತೊಟ್ಟಿ, ಮೃಗಾಲಯದ ತೆರೆದ ಅಂಗಳ ಮುಂತಾದ ಕಡೆಗಳಲ್ಲಿ ಬಂಡೆ ಕಟ್ಟಿಸುವ ಹೊಣೆ ಹೊತ್ತವರಿಗಾಗಿ ಈ ಬರಹ. ಒಂದು ಮಾತನ್ನು ಮೊದಲೇ ಹೇಳಬೇಕು. ನಕ್ಷತ್ರ ಆಮೆ, ನಮ್ಮ ನಾಡಿನ ಗಿಳಿಗಳು, ಹೆಬ್ಬಾವು ಮುಂತಾದವನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅಂಥ ಪ್ರಾಣಿಗಳ ಕುರಿತು ಇಲ್ಲಿ ಹೇಳಿರುವುದೆಲ್ಲ ಅನುಮತಿ ಪಡೆದ ಸಂಸ್ಥೆಗಳಿಗೆ ಮಾತ್ರ ಅನ್ವಯಿಸುತ್ತದೆ.

ಮೊದಲು ಪ್ರಾಣಿ, ಆಮೇಲೆ ಸಾಮಗ್ರಿ

ಮೃಗಾಲಯಗಳಲ್ಲಿ ಕಂಬಿಗಳನ್ನು ತೆಗೆದು ಕಂದಕ ಮತ್ತು ಕೃತಕ ಬಂಡೆಗಳನ್ನು ಬಳಸುವ ಪದ್ಧತಿಗೆ ಜರ್ಮನಿಯ ಹ್ಯಾಂಬರ್ಗ್ ಬಳಿ 1907ರಲ್ಲಿ ಕಾರ್ಲ್ ಹಾಗನ್‌ಬೆಕ್ ತೆರೆದ ಉದ್ಯಾನ ದೊಡ್ಡ ಪ್ರೇರಣೆ ನೀಡಿತು. 1892ರಲ್ಲಿ ಆರಂಭವಾದ ನಮ್ಮ ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯದಲ್ಲಿಯೂ ಕಂದಕದ ಆಚೆ ನಿಂತ ಪ್ರಾಣಿಗಳನ್ನು ನೋಡುತ್ತಲೇ ಮೂರು ನಾಲ್ಕು ತಲೆಮಾರಿನ ಮಕ್ಕಳು ಬೆಳೆದಿದ್ದಾರೆ. ನೋಡುವವರಿಗೆ ಬಂಡೆ ಎಂದರೆ ದೃಶ್ಯ. ಒಳಗಿರುವ ಪ್ರಾಣಿಗೆ ಅದು ನೆಕ್ಕುವ, ಕಚ್ಚುವ, ಉಗುರು ಮಸೆಯುವ, ಮೈ ಉಜ್ಜುವ, ಮಲಗುವ ವಸ್ತು. ಆದ್ದರಿಂದ ಅಂಗಡಿಗೆ ಹೋಗುವ ಮುನ್ನ ಆ ಪ್ರಾಣಿಯನ್ನು ಎರಡು ಮೂರು ದಿನ ಕುಳಿತು ಗಮನಿಸಬೇಕು, ಅದನ್ನು ನೋಡಿಕೊಳ್ಳುವವರನ್ನು ಮತ್ತು ಪಶುವೈದ್ಯರನ್ನು ಕೇಳಬೇಕು.

ಗಿಳಿ ಜಾತಿಯ ಹಕ್ಕಿಗಳು ಕೊಕ್ಕಿನಿಂದಲೇ ಹತ್ತುತ್ತವೆ. ಕೊಕ್ಕಿಗೆ ಸಿಕ್ಕಿದ್ದನ್ನು ಚಕ್ಕೆ ಚಕ್ಕೆಯಾಗಿ ಎಬ್ಬಿಸುತ್ತವೆ. ಮುಳ್ಳುಹಂದಿ ಕೊರೆಯದೆ ಬಿಡುವುದಿಲ್ಲ. ಕರಡಿಯ ಉಗುರು ತೆಳುವಾದ ಗಾರೆಯ ಪದರವನ್ನು ಸುಲಭವಾಗಿ ಕೀಳುತ್ತದೆ, ಕೋತಿಗಳು ಬಿರುಕಿನೊಳಗೆ ಬೆರಳು ತೂರಿಸಿ ದಿನಗಟ್ಟಲೆ ಅದನ್ನೇ ಕೆದಕುತ್ತವೆ. ಜಿಂಕೆ, ಕಡವೆಗಳು ಗೋಡೆಯ ಮೇಲೆ ಎದ್ದ ಉಪ್ಪಿನಂಥ ಬಿಳಿ ಪುಡಿಯನ್ನು ನೆಕ್ಕುತ್ತವೆ. ಕಪ್ಪೆಗಳ ಚರ್ಮ ನೀರನ್ನೂ ಅದರಲ್ಲಿ ಕರಗಿದ್ದನ್ನೂ ಹೀರಿಕೊಳ್ಳುವುದರಿಂದ ಅವುಗಳ ವಿಷಯದಲ್ಲಿ ಮೀನಿಗಿಂತಲೂ ಹೆಚ್ಚು ಎಚ್ಚರ ಬೇಕು. ಒಂದೇ ಗಾರೆ ಚಿರತೆಗೆ ನಿರಪಾಯವಾಗಿದ್ದು ಕಪ್ಪೆಗೆ ಪ್ರಾಣಾಂತಿಕವಾಗಬಹುದು. ಎಲ್ಲ ಪ್ರಾಣಿಗಳಿಗೂ ಸಲ್ಲುವ ಒಂದೇ ಸಾಮಗ್ರಿ ಇದೆ ಎಂದು ಯಾರಾದರೂ ಮಾರಲು ಬಂದರೆ ನಂಬಬೇಡಿ.

ಒಳಗಿನ ಹಂದರ

ಬಂಡೆಯ ಒಳಗೆ ಏನಿದೆ ಎಂಬುದು ಕಾಣುವುದಿಲ್ಲವಾದ್ದರಿಂದ ಅಲ್ಲಿಯೇ ಹೆಚ್ಚು ತಪ್ಪುಗಳು ನಡೆಯುತ್ತವೆ. ಖರ್ಚು ಉಳಿಸಲು ಹಳೆಯ ಮನೆ ಕೆಡವಿದ ಇಟ್ಟಿಗೆ, ಗಾರೆ, ಗಾಜಿನ ಚೂರುಗಳನ್ನು ತುಂಬಿ ಮೇಲೆ ಪ್ಲಾಸ್ಟರ್ ಬಳಿಯುವುದು ನಮ್ಮ ಕಡೆ ಸಾಮಾನ್ಯ. ಹಳೆಯ ಗೋಡೆಯ ಬಣ್ಣದಲ್ಲಿ ಸೀಸವಿರಬಹುದು, ಅವಶೇಷದಲ್ಲಿ ಮೊಳೆಗಳಿರುತ್ತವೆ, ಮಣ್ಣು ಕುಸಿದಂತೆ ಒಳಗೆ ಪೊಳ್ಳಾಗಿ ಇಲಿ ಸೇರುತ್ತದೆ, ಇಲಿಯ ಹಿಂದೆಯೇ ಹಾವು ಬರುತ್ತದೆ. ಕಲ್ನಾರಿನ ಹಳೆಯ ಶೀಟುಗಳನ್ನು ಒಡೆದು ಆಕಾರ ಕೊಡಲು ಬಳಸುವುದನ್ನೂ ಕಂಡಿದ್ದೇನೆ. ಅದರ ಧೂಳು ಮನುಷ್ಯರ ಶ್ವಾಸಕೋಶಕ್ಕೆ ಕ್ಯಾನ್ಸರ್ ತರುವಂಥದ್ದು. ಆ ಶೀಟು ಕೆಲಸದ ಜಾಗದ ಹತ್ತಿರವೂ ಬರಬಾರದು.

ಥರ್ಮೋಕೋಲ್ ಹಗುರ, ಕೊರೆಯಲು ಸುಲಭ, ಮೀನಿನ ತೊಟ್ಟಿಯ ಹಿನ್ನೆಲೆ ಮಾಡುವವರಿಗೆ ಅಚ್ಚುಮೆಚ್ಚು. ಅದರ ಮೇಲೆ ದಪ್ಪ ಗಾರೆಯ ಪದರವಿದ್ದು ಒಳಗಿರುವುದು ಮೃದುವಾಗಿ ವರ್ತಿಸುವ ಪ್ರಾಣಿಯಾದರೆ ತೊಂದರೆಯಿಲ್ಲ. ಆದರೆ ಕೊರೆಯುವ, ಕುಕ್ಕುವ, ಕೆರೆಯುವ ಪ್ರಾಣಿಯ ಆವರಣದಲ್ಲಿ ಅದು ಒಂದಲ್ಲ ಒಂದು ದಿನ ಹೊರಗೆ ಇಣುಕುತ್ತದೆ. ಆ ಬಿಳಿ ಗುಳಿಗೆಗಳನ್ನು ಪ್ರಾಣಿ ನುಂಗಿದರೆ ಅವು ಜೀರ್ಣವಾಗುವುದಿಲ್ಲ, ಕರುಳಿನಲ್ಲಿ ಸಿಕ್ಕಿಕೊಳ್ಳಬಹುದು. ಇರುವೆಗಳೂ ಅದರೊಳಗೆ ಗೂಡು ಮಾಡುತ್ತವೆ. ಬಿಸಿ ತಂತಿಯಿಂದ ಕೊರೆಯುವಾಗ ಏಳುವ ಹೊಗೆ ಕೆಲಸಗಾರರಿಗೂ ಹಾನಿ.

ದೊಡ್ಡ ಬಂಡೆಗೆ ನಾನು ಸೂಚಿಸುವುದು 8 ಮಿಲಿಮೀಟರ್ ಕಂಬಿಯ ಚೌಕಟ್ಟು, ಅದರ ಮೇಲೆ ವೆಲ್ಡ್ ಮೆಶ್ ಎಂಬ ಬೆಸೆದ ತಂತಿಯ ಬಲೆ, ಅದರ ಮೇಲೆ ಎರಡು ಪದರ ಕೋಳಿ ಜಾಲರಿ, ಎರಡೂ ಬದಿಯಿಂದ ಒತ್ತಿ ತುಂಬಿದ ಗಾರೆ. ಇದನ್ನೇ ಫೆರೋಸಿಮೆಂಟ್ ಎನ್ನುತ್ತಾರೆ. ಬೇರೆ ಯಾವುದೇ ಕಟ್ಟಡ ಕೆಲಸಕ್ಕಿಂತ ಇಲ್ಲಿ ಕಟ್ಟುವ ತಂತಿಯ ವಿಷಯದಲ್ಲಿ ಹತ್ತು ಪಟ್ಟು ಎಚ್ಚರ ಬೇಕು. ಹಸು ತಂತಿ ನುಂಗಿ ಸತ್ತಿತೆಂಬ ಸುದ್ದಿ ಮಂಡ್ಯದ ಯಾವ ಹಳ್ಳಿಯವರಿಗೂ ಹೊಸದಲ್ಲ. ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯ ಎರಡನೆಯ ಕೋಣೆ ಹೃದಯಕ್ಕೆ ತೀರ ಸಮೀಪವಿದೆ. ಮೇವಿನೊಡನೆ ಒಳಹೋದ ತಂತಿಯ ತುಂಡು ಅಲ್ಲಿ ನಿಂತು, ಹೊಟ್ಟೆಯ ಗೋಡೆಯನ್ನು ಚುಚ್ಚಿ, ಹೃದಯದ ಹೊದಿಕೆಯವರೆಗೂ ಹೋಗುತ್ತದೆ. ಜಿಂಕೆ, ಕಡವೆ, ಕಾಟಿಗಳಿಗೂ ಇದೇ ಅಪಾಯ. ಆದ್ದರಿಂದ ಪ್ರತಿ ಗಂಟಿನ ತುದಿಯನ್ನು ಒಳಮುಖವಾಗಿ ಮಡಚಬೇಕು, ಕತ್ತರಿಸಿದ ತುಂಡುಗಳನ್ನು ಆಗಿಂದಾಗಲೇ ಡಬ್ಬಿಗೆ ಹಾಕಬೇಕು, ಪ್ರತಿ ಸಂಜೆ ಕೆಲಸ ನಿಲ್ಲಿಸಿದ ಮೇಲೆ ಹಗ್ಗಕ್ಕೆ ಕಟ್ಟಿದ ದೊಡ್ಡ ಆಯಸ್ಕಾಂತವನ್ನು ನೆಲದ ಮೇಲೆ ಎಳೆಯಬೇಕು. ಹಳೆಯ ಸ್ಪೀಕರಿನಿಂದ ಬಿಚ್ಚಿದ ಆಯಸ್ಕಾಂತವೇ ಸಾಕು. ಸ್ವಚ್ಛವಾಗಿದೆ ಎಂದು ಮೇಸ್ತ್ರಿ ಹೇಳಿದ ಮೇಲೆಯೂ ಒಂದು ಬೊಗಸೆ ತುಂಡು ಅದಕ್ಕೆ ಅಂಟಿಕೊಂಡದ್ದನ್ನು ನಾನು ನೋಡಿದ್ದೇನೆ.

ಜಾಲರಿಯ ಮೇಲಿನ ಸತುವಿನ ಲೇಪ ತುಕ್ಕು ತಡೆಯುತ್ತದೆ, ಗಾರೆಯೊಳಗೆ ಹುದುಗಿರುವಷ್ಟು ಕಾಲ ಅದರಿಂದ ಪ್ರಾಣಿಗೆ ತೊಂದರೆಯಿಲ್ಲ. ಹೊರಗೆ ತೆರೆದುಕೊಂಡ ಹೊಸ ಜಾಲರಿಯಿಂದ ಏಳುವ ಸತುವಿನ ಚಕ್ಕೆಗಳನ್ನು ಗಿಳಿಗಳು ನುಂಗಿದರೆ ವಿಷಪ್ರಾಶನವಾಗುತ್ತದೆ. ಪಕ್ಷಿಮನೆಯಲ್ಲಿ ಬಂಡೆಯ ಅಂಚು ಜಾಲರಿಯ ಗೋಡೆಯನ್ನು ಸೇರುವ ಜಾಗವನ್ನು ಗಾರೆಯಿಂದ ಪೂರ್ತಿ ಮುಚ್ಚಬೇಕು. ತೆರೆದಿರುವ ಜಾಲರಿಯನ್ನು ವಿನಿಗರ್ ಅದ್ದಿದ ಬ್ರಷ್‌ನಿಂದ ಉಜ್ಜಿ ತೊಳೆದು ಬಳಸಬೇಕು.

ಗಾರೆ: ಸಿಮೆಂಟು, ಮರಳು, ನೀರು

ಊಟದ ನಂತರದ ವೀಳ್ಯದೆಲೆಗೆ ಸುಣ್ಣ ತುಸು ಹೆಚ್ಚಾದರೆ ನಾಲಿಗೆ ಬೆಂದುಹೋಗುತ್ತದೆ. ಸಿಮೆಂಟಿಗೆ ನೀರು ಬೆರೆಸಿದಾಗ ಗಟ್ಟಿಯಾಗುವ ಅಂಟಿನ ಜೊತೆಗೆ ಹುಟ್ಟುವುದೂ ಅದೇ ಸುಣ್ಣ, ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಎಂಬುದರ ಅಳತೆಯೇ ಪಿಎಚ್; 7 ತಟಸ್ಥ, ಅದಕ್ಕಿಂತ ಮೇಲಿದ್ದರೆ ಕ್ಷಾರ. ಹಸಿ ಗಾರೆಯ ನೀರಿನ ಪಿಎಚ್ 12ಕ್ಕೂ ಮೇಲಿರುತ್ತದೆ. ಸಿಹಿನೀರಿನ ಹೆಚ್ಚಿನ ಮೀನುಗಳಿಗೆ ಒಗ್ಗುವುದು 6.5ರಿಂದ 8.5ರವರೆಗೆ. ಕ್ಷಾರ ಹೆಚ್ಚಿದಾಗ ಕಿವಿರು ಬೇಯುವುದಷ್ಟೇ ಅಲ್ಲದೆ, ನೀರಿನಲ್ಲಿರುವ ಅಮೋನಿಯಾ ಹೆಚ್ಚು ವಿಷಕಾರಿಯಾದ ರೂಪಕ್ಕೆ ತಿರುಗುತ್ತದೆ.

ಈ ಸುಣ್ಣವನ್ನು ಕಡಿಮೆ ಮಾಡುವ ಉಪಾಯವನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ಕನ್ನಂಬಾಡಿ ಕಟ್ಟೆಯನ್ನು ಸುರ್ಕಿ ಗಾರೆಯಿಂದ ಕಟ್ಟಲಾಯಿತೆಂಬುದು ಈ ಭಾಗದ ಎಲ್ಲರಿಗೂ ಗೊತ್ತು. ಸುರ್ಕಿ ಎಂದರೆ ಸುಟ್ಟ ಇಟ್ಟಿಗೆಯ ಪುಡಿ. ಅದು ಸುಣ್ಣದೊಡನೆ ಕೂಡಿ ನೀರಿನಲ್ಲಿ ಕರಗದ ಗಟ್ಟಿ ಪದಾರ್ಥವಾಗುತ್ತದೆ. ಇಂದು ಪಿಪಿಸಿ (ಪೋರ್ಟ್‌ಲ್ಯಾಂಡ್ ಪೊಜೊಲಾನಾ ಸಿಮೆಂಟು) ಎಂದು ಮಾರುವ ಸಿಮೆಂಟಿನಲ್ಲಿರುವ ಹಾರುಬೂದಿ, ಅಂದರೆ ಕಲ್ಲಿದ್ದಲು ಉರಿಸಿದಾಗ ಸಿಗುವ ನುಣ್ಣನೆಯ ಬೂದಿ, ಮಾಡುವುದೂ ಅದೇ ಕೆಲಸ. ಆದ್ದರಿಂದ ಪ್ರಾಣಿಗಳ ಬಂಡೆಗೆ ಇಂಥದ್ದೇನೂ ಬೆರೆಸದ ಸಾದಾ ಒಪಿಸಿ ಸಿಮೆಂಟಿಗಿಂತ ಪಿಪಿಸಿ ಅಥವಾ ಕಬ್ಬಿಣದ ಕುಲುಮೆಯ ಕಿಟ್ಟ ಬೆರೆಸಿದ ಪಿಎಸ್‌ಸಿ ಸಿಮೆಂಟು ಮೇಲು ಎಂಬುದು ನನ್ನ ನಿಲುವು. ಅವು ನಿಧಾನವಾಗಿ ಬಲಗೊಳ್ಳುತ್ತವೆ, ಗುತ್ತಿಗೆದಾರರು ಅವಸರಪಡಿಸುತ್ತಾರೆ, ಆದರೂ ಬಿಟ್ಟುಕೊಡಬಾರದು.

ಒಂದು ಪಾಲು ಸಿಮೆಂಟಿಗೆ ಎರಡೂವರೆಯಿಂದ ಮೂರು ಪಾಲು ಮರಳು, 50 ಕಿಲೋ ಚೀಲಕ್ಕೆ ಸುಮಾರು 20ರಿಂದ 22 ಲೀಟರ್ ನೀರು ಎಂಬುದು ನಾನು ಪಾಲಿಸುವ ಅಳತೆ. ಕೆಲಸ ಸುಲಭವಾಗಲೆಂದು ನೀರು ಹೆಚ್ಚಿಸಿದರೆ ಗಾರೆ ಒಣಗಿದ ಮೇಲೆ ಸ್ಪಂಜಿನಂತೆ ರಂಧ್ರಮಯವಾಗುತ್ತದೆ. ಅದು ಮೂತ್ರವನ್ನೂ ಕೊಳೆಯನ್ನೂ ಹೀರಿ ರೋಗಾಣುಗಳಿಗೆ ಮನೆಯಾಗುತ್ತದೆ, ತೇವವಿರುವ ಪಕ್ಷಿಮನೆಯಲ್ಲಿ ಹಕ್ಕಿಗಳ ಶ್ವಾಸಕೋಶಕ್ಕೆ ಹತ್ತುವ ಬೂಷ್ಟು ಅಲ್ಲಿ ಬೆಳೆಯುತ್ತದೆ. ಕಲ್ಲು ಪುಡಿ ಮಾಡಿ ತಯಾರಿಸಿದ ಎಂ-ಸ್ಯಾಂಡ್ ಬಳಸುವುದಾದರೆ ತೊಳೆದದ್ದನ್ನೇ ತರಿಸಬೇಕು, ಕಲ್ಲಿನ ಹಿಟ್ಟು ಹೆಚ್ಚಾಗಿದ್ದರೆ ಮೇಲ್ಮೈ ಬಿರಿಯುತ್ತದೆ. ನೀರು ಕುಡಿಯಲು ಯೋಗ್ಯವಾಗಿರಬೇಕು. ಮಂಡ್ಯ ಸೀಮೆಯ ಅನೇಕ ಕೊಳವೆಬಾವಿಗಳ ಗಡಸು ನೀರನ್ನು ಗಾರೆಗೆ ಬಳಸಿದರೆ ಗೋಡೆಯ ಮೇಲೆ ಬಿಳಿ ಉಪ್ಪು ಹೆಚ್ಚು ಏಳುವುದರಿಂದ, ಸಾಧ್ಯವಾದರೆ ಕಾವೇರಿ ನೀರಿನ ಟ್ಯಾಂಕರ್ ತರಿಸುವುದು ಒಳ್ಳೆಯದು.

ಬೇಗ ಗಟ್ಟಿಯಾಗಲೆಂದು ಹಾಕುವ ಕ್ಲೋರೈಡ್ ಇರುವ ದ್ರವಗಳು ಒಳಗಿನ ಕಂಬಿಯನ್ನು ತುಕ್ಕು ಹಿಡಿಸುತ್ತವೆ, ಅವು ಬೇಡ. ನೀರು ಸೋರದಂತೆ ಟಾರು ಬಳಿಯುವ ಹಳೆಯ ರೂಢಿಯನ್ನೂ ಕೈಬಿಡಬೇಕು. ಕಲ್ಲಿದ್ದಲಿನ ಟಾರಿನಲ್ಲಿರುವ ಫಿನಾಲ್ ಜಾತಿಯ ಪದಾರ್ಥಗಳು ಹಂದಿ ಮತ್ತು ಬೆಕ್ಕಿನ ಕುಲದ ಪ್ರಾಣಿಗಳಿಗೆ ಘೋರ ವಿಷ.

ಫೈಬರ್, ಎಪಾಕ್ಸಿ, ಸಿಲಿಕೋನ್

ಗಾಜಿನ ಎಳೆ ಮತ್ತು ರಾಳದಿಂದ ಮಾಡಿದ ಫೈಬರ್ ಬಂಡೆಗಳು ಸಿದ್ಧವಾಗಿಯೇ ಸಿಗುತ್ತವೆ, ಇಬ್ಬರು ಎತ್ತಿ ಇಡಬಹುದು. ಪಾಲಿಯೆಸ್ಟರ್ ರಾಳ ಪೂರ್ತಿ ಗಟ್ಟಿಯಾಗದಿದ್ದರೆ ಅದರಿಂದ ಸ್ಟೈರೀನ್ ಎಂಬ ಹಾನಿಕರ ಆವಿ ಹೊರಬರುತ್ತಲೇ ಇರುತ್ತದೆ. ಮೂಗಿಗೆ ಕಟುವಾಸನೆ ಬರುವಷ್ಟು ದಿನ ಅದನ್ನು ಆವರಣದೊಳಗೆ ತರಲೇಬಾರದು. ವರ್ಷಗಟ್ಟಲೆ ಬಿಸಿಲಿಗೆ ಬಿದ್ದಾಗ ಮೇಲಿನ ಪದರ ಸವೆದು ಗಾಜಿನ ಎಳೆಗಳು ಹೊರಗೆ ಏಳುತ್ತವೆ. ಅವು ಚರ್ಮಕ್ಕೆ ನಾಟುತ್ತವೆ, ಬಾಯಿಗೂ ಹೋಗುತ್ತವೆ. ಪ್ರಾಣಿಯ ಕೈಗೆ ಎಟುಕದ ಹಿನ್ನೆಲೆಯ ಗೋಡೆಗೆ ಫೈಬರ್ ಸಾಕು, ಎಟುಕುವ ಜಾಗಕ್ಕೆ ಬೇಡ ಎಂದು ನಾನು ಹೇಳುತ್ತೇನೆ. ಗಾಜಿನ ಎಳೆ ಬೆರೆಸಿದ ಸಿಮೆಂಟು ಗಟ್ಟಿಯಾದದ್ದು, ಆದರೆ ಸಾಮಾನ್ಯ ಗಾಜಿನ ಎಳೆಯನ್ನು ಸಿಮೆಂಟಿನ ಕ್ಷಾರವೇ ತಿಂದುಹಾಕುವುದರಿಂದ ಜಿರ್ಕೋನಿಯಾ ಇರುವ, ಕ್ಷಾರ ತಡೆಯುವ ಎಳೆಯನ್ನೇ ಕೇಳಿ ಪಡೆಯಬೇಕು. ಮೇಲ್ಮೈಯಲ್ಲಿ ಚಾಚಿಕೊಂಡ ಎಳೆಗಳನ್ನು ಉಜ್ಜಿ ತೆಗೆಯದೆ ಕೆಲಸ ಒಪ್ಪಿಕೊಳ್ಳಬೇಡಿ.

ಎಪಾಕ್ಸಿ ಎಂದರೆ ಎರಡು ಭಾಗಗಳನ್ನು ಬೆರೆಸಿದಾಗ ಗಟ್ಟಿಯಾಗುವ ರಾಳ; ಅದರ ಎರಡು ಡಬ್ಬಿಗಳನ್ನು ಅಂದಾಜಿನಲ್ಲಿ ಬೆರೆಸುವುದೇ ದೊಡ್ಡ ತಪ್ಪು. ತೂಕ ಮಾಡಿ ಬೆರೆಸಿದ, ತಯಾರಕರು ಹೇಳಿದಷ್ಟು ದಿನ ಬಿಟ್ಟ ಎಪಾಕ್ಸಿ ಬಹುಮಟ್ಟಿಗೆ ನಿಷ್ಕ್ರಿಯ. ಅಳತೆ ತಪ್ಪಿದ್ದು ಅಂಟಂಟಾಗಿಯೇ ಉಳಿದು ನೀರಿಗೆ ಇಳಿಯುತ್ತಿರುತ್ತದೆ. ಕುಡಿಯುವ ನೀರಿನ ಟ್ಯಾಂಕಿನ ಒಳಗೆ ಬಳಿಯಲು ಯೋಗ್ಯವೆಂದು ಪ್ರಮಾಣಿತವಾದುದನ್ನು, ಉದಾಹರಣೆಗೆ ಎನ್‌ಎಸ್‌ಎಫ್ 61 ಎಂಬ ಗುರುತಿರುವುದನ್ನು ಆರಿಸಿಕೊಳ್ಳಿ. ಸಿಲಿಕೋನ್ ಕೊಳ್ಳುವಾಗ ಬಚ್ಚಲುಮನೆಗೆಂದು ಮಾರುವ, ಬೂಷ್ಟು ತಡೆಯುವ ಔಷಧ ಬೆರೆಸಿದ್ದನ್ನು ತರಬಾರದು. ಬೂಷ್ಟನ್ನು ಕೊಲ್ಲುವ ಆ ಔಷಧ ಮೀನಿಗೂ ಕೆಡುಕು.

ಬಣ್ಣ

ಮೈಸೂರಿನ ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲದ ಮೇಲೆ ಅಂಬೆಗಾಲಿಟ್ಟು ಬೆಳೆದವರು ನಾವು. ಆ ಕೆಂಪು ಕಬ್ಬಿಣದ ಆಕ್ಸೈಡ್. ಬಿಸಿಲಿಗೆ ಮಾಸುವುದಿಲ್ಲ, ನೀರಿಗೆ ಕರಗುವುದಿಲ್ಲ. ಅದೇ ಕಬ್ಬಿಣದ ಹಳದಿ, ಕಂದು, ಕಪ್ಪು ಪುಡಿಗಳೂ ಸಿಗುತ್ತವೆ. ಚಾಮುಂಡಿ ಬೆಟ್ಟದ ನಸುಗೆಂಪು ಗ್ರಾನೈಟ್ ಆಗಲಿ, ಮೇಲುಕೋಟೆಯ ಬೂದುಬಣ್ಣದ ಬಂಡೆಯಾಗಲಿ, ಈ ನಾಲ್ಕು ಪುಡಿಗಳಿಂದ ಮೂಡಿಸಲಾಗದ ಕಲ್ಲಿನ ಬಣ್ಣ ನಮ್ಮ ಸುತ್ತಮುತ್ತ ಇಲ್ಲವೆಂದೇ ಹೇಳಬಹುದು. ಸಿಮೆಂಟಿನ ತೂಕದ ನೂರಕ್ಕೆ 5 ಪಾಲು ಸಾಕು, 10 ಪಾಲು ಮೀರಬಾರದು. ಪುಡಿಯನ್ನು ಕೊನೆಯ ಪದರದ ಗಾರೆಯಲ್ಲೇ ಕಲಸಿದರೆ ಪ್ರಾಣಿ ಕೆರೆದರೂ ಬಣ್ಣ ಚಕ್ಕೆಯಾಗಿ ಏಳುವುದಿಲ್ಲ, ಕೆರೆದ ಜಾಗದಲ್ಲಿ ಬಣ್ಣವಿಲ್ಲದ ಗಾರೆ ಕಾಣುವುದಿಲ್ಲ. ಮೇಲೆ ಬಳಿಯುವ ಬಣ್ಣಕ್ಕಿಂತ ಇದು ಎಷ್ಟೋ ಪಾಲು ಮೇಲು.

ಡಬ್ಬಿಯ ಬಣ್ಣವನ್ನೇ ಬಳಿಯುವುದಾದರೆ ಒಂದು ವಿಷಯ ತಿಳಿದಿರಲಿ. ಮನೆಬಳಕೆಯ ಮತ್ತು ಅಲಂಕಾರದ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದೆಂದು ಕೇಂದ್ರ ಸರ್ಕಾರ 2016ರಲ್ಲಿ ನಿಯಮ ಮಾಡಿತು, 2017ರ ನವೆಂಬರಿನಿಂದ ಅದು ತಯಾರಕರಿಗೆ ಅನ್ವಯವಾಯಿತು. ಕಾರ್ಖಾನೆ, ಯಂತ್ರ, ರಸ್ತೆ ಗುರುತುಗಳಿಗೆ ಬಳಸುವ ಕೈಗಾರಿಕಾ ಬಣ್ಣಗಳು ಆ ನಿಯಮದ ಹೊರಗಿವೆ. ಕಣ್ಣು ಕುಕ್ಕುವ ಹಳದಿ ಕೈಗಾರಿಕಾ ಬಣ್ಣಗಳಲ್ಲಿ ಸೀಸದ ಕ್ರೋಮೇಟ್, ಕಬ್ಬಿಣಕ್ಕೆ ಬಳಿಯುವ ಕಿತ್ತಳೆಗೆಂಪು ರೆಡ್ ಲೆಡ್ ಪ್ರೈಮರಿನಲ್ಲಿ ಸೀಸವೇ ಇರುತ್ತದೆ. ಉಳಿದುಕೊಂಡ ಹಳೆಯ ಡಬ್ಬಿಗಳನ್ನು ಯಾರೋ ದಾನವಾಗಿ ಕೊಟ್ಟರೆ ದಯವಿಟ್ಟು ತೆಗೆದುಕೊಳ್ಳಬೇಡಿ. ಹೊರಗೋಡೆಯ ಎಮಲ್ಷನ್‌ಗಳಲ್ಲಿ ಪಾಚಿ ಮತ್ತು ಬೂಷ್ಟನ್ನು ತಡೆಯುವ ಔಷಧಗಳಿರುವುದರಿಂದ ಕಪ್ಪೆ, ಮೀನು, ಆಮೆಗಳ ನೀರು ತಾಕುವಲ್ಲಿ ಅವೂ ಬೇಡ. ತಾಮ್ರ ಬೆರೆತ ಹಸಿರು, ನೀಲಿ ಲೇಪಗಳಿಗೂ ಇದೇ ಮಾತು. ಮೀನಿಗೂ ಸಿಗಡಿಗೂ ಸ್ವಲ್ಪ ತಾಮ್ರವೇ ಸಾಕು.

ಹದಗೊಳಿಸುವುದು ಮತ್ತು ಪರೀಕ್ಷೆ

ಇದೇ ಎಲ್ಲಕ್ಕಿಂತ ಮುಖ್ಯವಾದ ಹಂತ. ಗಾರೆಯನ್ನು ಗೋಣಿಚೀಲ ಹೊದಿಸಿ ಕನಿಷ್ಠ 14 ದಿನ ಒದ್ದೆಯಾಗಿಡಬೇಕು, ಮಾರ್ಚ್‌ನಿಂದ ಮೇ ವರೆಗಿನ ಬಿಸಿಲಿನಲ್ಲಾದರೆ ದಿನಕ್ಕೆ ನಾಲ್ಕೈದು ಬಾರಿ ನೀರು ಹಾಕಬೇಕು. ಒಟ್ಟು 28 ದಿನ ತುಂಬುವವರೆಗೆ ಯಾವ ಪ್ರಾಣಿಯನ್ನೂ ಒಳಗೆ ಬಿಡುವಂತಿಲ್ಲ.

ಕೊಳದ ಬಂಡೆಯಾದರೆ 14 ದಿನದ ನಂತರ ನೀರು ತುಂಬಿಸಿ, ಮೂರು ದಿನ ಬಿಟ್ಟು, ಪೂರ್ತಿ ಹೊರಚೆಲ್ಲಿ, ಗೋಡೆಗಳನ್ನು ಗಟ್ಟಿ ಬ್ರಷ್‌ನಿಂದ ಉಜ್ಜಿ ಮತ್ತೆ ತುಂಬಿಸಬೇಕು. ಬಾಳೆದಿಂಡನ್ನು ಕತ್ತರಿಸಿ ಹೊಸ ತೊಟ್ಟಿಯಲ್ಲಿ ಕೊಳೆಯಲು ಬಿಡುವ ರೂಢಿ ಮೀನು ಸಾಕುವವರಲ್ಲಿದೆ. ಅದು ಕೊಳೆಯುವಾಗ ಹುಟ್ಟುವ ಆಮ್ಲಗಳು ಸುಣ್ಣವನ್ನು ತಗ್ಗಿಸುತ್ತವೆ, ಆ ನೀರನ್ನು ಮಾತ್ರ ಪೂರ್ತಿ ಚೆಲ್ಲಿ ತೊಳೆಯಬೇಕು. ಪ್ರತಿ ಸಲವೂ ಎರಡು ಕಡೆ ಪಿಎಚ್ ಅಳೆಯಿರಿ: ನಲ್ಲಿಯಿಂದ ಬರುವ ನೀರಿನದು ಮತ್ತು 24 ಗಂಟೆ ತೊಟ್ಟಿಯಲ್ಲಿ ನಿಂತ ನೀರಿನದು. ಎರಡರ ನಡುವಿನ ಅಂತರ ಬಹುಮಟ್ಟಿಗೆ ಅಳಿದು, ನಿಂತ ನೀರು ಸತತ ಎರಡು ಸಲ 8.5ರ ಒಳಗಿದ್ದರೆ ಮಾತ್ರ ಮುಂದುವರಿಯಬಹುದು. ಅಲಂಕಾರಿಕ ಮೀನು ಮಾರುವ ಅಂಗಡಿಗಳಲ್ಲಿ ಸಿಗುವ ಅಗ್ಗದ ಪರೀಕ್ಷಾ ಪಟ್ಟಿಗಳೇ ಇದಕ್ಕೆ ಸಾಕು. ಅವಿಲ್ಲದಿದ್ದುದಕ್ಕೇ ಅಂದು ಮಂಡ್ಯದಲ್ಲಿ ಆ ಮೀನುಗಳು ಸತ್ತವು. ಆಮ್ಲ ಹಾಕಿ ತೊಳೆದು ಒಂದೇ ದಿನದಲ್ಲಿ ಮುಗಿಸೋಣ ಎನ್ನುವವರಿದ್ದಾರೆ. ಆಮ್ಲ ಮೇಲ್ಮೈಯನ್ನು ಮಾತ್ರ ತಟಸ್ಥಗೊಳಿಸಿ ಒಳಗಿನ ಹೊಸ ಸುಣ್ಣವನ್ನು ತೆರೆದಿಡುತ್ತದೆ, ವಾರದೊಳಗೆ ಪಿಎಚ್ ಮತ್ತೆ ಏರುತ್ತದೆ.

ನೆಲದ ಪ್ರಾಣಿಗಳ ಬಂಡೆಗೂ ಪಟ್ಟಿ ಉಪಯೋಗಕ್ಕೆ ಬರುತ್ತದೆ: ಶುದ್ಧ ನೀರಿನಿಂದ ಒದ್ದೆ ಮಾಡಿದ ಮೇಲ್ಮೈಗೆ ಪಟ್ಟಿಯನ್ನು ಒತ್ತಿ ನೋಡಬಹುದು. ಮೇಲೆದ್ದ ಬಿಳಿ ಪುಡಿಯನ್ನು ಒಣ ಬ್ರಷ್‌ನಿಂದ ಉದುರಿಸಿ, ಗುಡಿಸಿ, ಹೊರಗೆ ಹಾಕಬೇಕು.

ಮೇಲ್ಮೈ ಮತ್ತು ಬಿಸಿಲು

ರಂಗನತಿಟ್ಟಿನಲ್ಲಿ ದೋಣಿಯಿಂದ ಮೊಸಳೆಗಳನ್ನು ನೋಡುವಾಗ ಅವು ಮಲಗಿರುವ ಕಲ್ಲನ್ನೂ ನೋಡಿ. ಕಾವೇರಿ ಅದನ್ನು ಸಾವಿರಾರು ವರ್ಷ ಉಜ್ಜಿ ನುಣುಪಾಗಿಸಿದ್ದಾಳೆ. ನಾವು ಸಹಜವಾಗಿ ಕಾಣಲೆಂದು ಒರಟಾಗಿ ಬಿಡುವ ಗಾರೆಯ ಮೇಲೆ ಅದೇ ಮೊಸಳೆ ಹೊಟ್ಟೆ ಎಳೆದರೆ, ಆಮೆ ತನ್ನ ಅಡಿಚಿಪ್ಪನ್ನು ಉಜ್ಜಿದರೆ ಗಾಯವಾಗುತ್ತದೆ, ಕೊಳೆನೀರಿನಲ್ಲಿ ಆ ಗಾಯ ಹುಣ್ಣಾಗುತ್ತದೆ. ಗಿಡುಗ, ಗೂಬೆಗಳು ಒರಟು ಗಾರೆಯ ಮೇಲೆ ಸದಾ ಕೂತರೆ ಅವುಗಳ ಪಾದದಡಿ ಬಾವು ಬರುತ್ತದೆ. ಹಳೆಯ ಹತ್ತಿ ಬಟ್ಟೆಯೊಂದನ್ನು ಬಂಡೆಯ ಮೇಲೆ ಒತ್ತಿ ಎಳೆಯಿರಿ. ಎಳೆ ಸಿಕ್ಕಿಕೊಂಡ ಜಾಗವನ್ನೆಲ್ಲ ಸೀಮೆಸುಣ್ಣದಿಂದ ಗುರುತಿಸಿ ಉಜ್ಜಿಸಿ. ಉಜ್ಜುವವರು ಒದ್ದೆ ಮಾಡಿಕೊಂಡೇ ಉಜ್ಜಲಿ, ಮುಖಕ್ಕೆ ಮಾಸ್ಕ್ ಇರಲಿ, ಏಕೆಂದರೆ ಆ ಧೂಳಿನ ಸಿಲಿಕಾ ಶ್ವಾಸಕೋಶವನ್ನು ಹಾಳುಮಾಡುತ್ತದೆ. ಗಾರೆ ಕಲಸುವವರಿಗೆ ರಬ್ಬರ್ ಕೈಗವಸು ಕೊಡಿಸುವುದೂ ಕಟ್ಟಿಸುವವರ ಹೊಣೆ. ಸಿಮೆಂಟಿನ ಕ್ಷಾರ ಮತ್ತು ಕ್ರೋಮಿಯಂನಿಂದ ಕೈಯ ಚರ್ಮ ಒಡೆದು ನರಳುವ ಗಾರೆಯವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ.

ಏಪ್ರಿಲ್ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ಬಂಡೆಯ ಮೇಲೆ ಅಂಗೈ ಇಡಿ. ಹತ್ತು ಎಣಿಸುವವರೆಗೆ ಇಡಲಾಗದಿದ್ದರೆ ಅದು ಪ್ರಾಣಿಗೂ ಸುಡುತ್ತದೆ. ಕಪ್ಪು ಬಣ್ಣ ಕಡಿಮೆ ಮಾಡುವುದು, ನೆರಳಿಗೆ ಹೊಂಗೆ ಅಥವಾ ಬಿದಿರು ನೆಡುವುದು, ಬಂಡೆಯಲ್ಲೇ ಒಂದು ಚಾಚು ಕಟ್ಟುವುದು ಇದಕ್ಕೆ ಪರಿಹಾರ.

ನಿಜವಾದ ಕಲ್ಲನ್ನು ಜೊತೆಗೆ ಬಳಸುವುದಾದರೆ ಗ್ರಾನೈಟ್ ನಿಶ್ಚಿಂತ. ಗೊತ್ತಿಲ್ಲದ ಕಲ್ಲಿನ ಮೇಲೆ ವಿನಿಗರ್ ಹನಿಸಿ ನೊರೆ ಬಂದರೆ ಅದರಲ್ಲಿ ಸುಣ್ಣವಿದೆ, ಮೃದು ನೀರಿನ ಮೀನುಗಳಿಗೆ ಅದು ಒಗ್ಗುವುದಿಲ್ಲ. ಕಲ್ಲನ್ನು ಪರವಾನಗಿ ಇರುವ ಕ್ವಾರಿಯಿಂದ ಕೊಳ್ಳಬೇಕು, ಚಾಮುಂಡಿ ಬೆಟ್ಟದಿಂದಾಗಲಿ ನದಿಯಿಂದಾಗಲಿ ಹೊತ್ತು ತರಬಾರದು.

ಕಟ್ಟಿದ ಮೇಲೆ

ಯಾವ ಸಿಮೆಂಟು, ಯಾವ ತಿಂಗಳಿನ ಚೀಲ, ಯಾವ ಬಣ್ಣದ ಪುಡಿ, ಯಾವ ಎಪಾಕ್ಸಿ, ಎಷ್ಟನೆಯ ದಿನ ಪಿಎಚ್ ಎಷ್ಟಿತ್ತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದು ಪಶುವೈದ್ಯರ ಬಳಿ ಇಡಿ. ಪ್ರಾಣಿಗೆ ಕಾಯಿಲೆ ಬಂದ ದಿನ ಅವರು ಮೊದಲು ಕೇಳುವುದು ಅದನ್ನೇ. ಮಳೆಗಾಲ ಮುಗಿದ ಮೇಲೆ ಪ್ರತಿ ವರ್ಷ ಬಂಡೆಯನ್ನು ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಹೋಗಬೇಕು. ಪೊಳ್ಳು ಸದ್ದು ಬಂದಲ್ಲಿ ಒಳಗೆ ಪದರ ಬಿಟ್ಟಿದೆ, ತುಕ್ಕಿನ ಕಲೆ ಕಂಡಲ್ಲಿ ಜಾಲರಿ ಬೇಗ ಹೊರಬರಲಿದೆ. ಅಂಥ ಜಾಗವನ್ನು ಒಡೆದು ತೇಪೆ ಹಾಕುವಾಗ, ತೇಪೆ ಅಂಗೈಯಗಲದ್ದೇ ಆಗಿದ್ದರೂ, ಪ್ರಾಣಿಯನ್ನು ಬೇರೆ ಆವರಣಕ್ಕೆ ಸಾಗಿಸಿ, ಆಯಸ್ಕಾಂತ ಎಳೆದು, ಗೋಣಿ ಹೊದಿಸಿ, 28 ದಿನ ಎಣಿಸಿ, ಪಟ್ಟಿ ಅದ್ದಿ ನೋಡಿದ ಮೇಲೆಯೇ ಮರಳಿ ಬಿಡಬೇಕು.